ಗೊಂದಲರಾಯನ ಹಲ್ಲು

ಬೆಳಗಿನಿಂದ ಇದು ನಾಲ್ಕನೆಯ ಮೀಸೆ. ಮೊದಲನೆಯದು ಪೊದೆಯಂತಿತ್ತು, ಎರಡನೆಯದು ಗಡಿಯಾರದ ಮುಳ್ಳುಗಳಂತೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತಿತ್ತು, ಮೂರನೆಯದನ್ನು ಬರೆಯುತ್ತಿರುವಾಗಲೇ ನಾಚಿಕೆಯಾಗಿ ಅರ್ಧಕ್ಕೆ ಬಿಟ್ಟಿದ್ದಳು. ನಾಲ್ಕನೆಯದನ್ನು ತೆಳು ಕಾಗದದ ಮೇಲೆ ಬರೆದು, ಕತ್ತರಿಸಿ, ಮೂವತ್ತೊಂಬತ್ತನೇ ಪುಟದ ದೊಡ್ಡ ಚೌಕದಲ್ಲಿ ಬಾಯ್ತುಂಬ ನಗುತ್ತಿದ್ದ ಪತ್ತೇದಾರ ಗೊಂದಲರಾಯನ ಮೂಗಿನ ಕೆಳಗೆ ಇಟ್ಟು, ಕುರ್ಚಿ ಹಿಂದಕ್ಕೆ ತಳ್ಳಿ ನೋಡಿದಳು. ಹಲ್ಲು ಮುಚ್ಚಿತ್ತು. ಹಲ್ಲಿನ ಜೊತೆಗೆ ನಗುವೂ ಮುಚ್ಚಿಹೋಗಿತ್ತು. ಈಗ ಆತ ಎಲ್ಲ ಬಲ್ಲವನಂತೆ, ಕಳ್ಳನ ವಿಳಾಸವನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದವನಂತೆ ಕಂಡ. ಗೊಂದಲರಾಯನಿಗೆ ಏನೂ ಗೊತ್ತಿರಕೂಡದು. ಹನ್ನೊಂದು ಕಾದಂಬರಿಗಳಲ್ಲಿ ಒಂದು ಸಲವೂ ಅವನಿಗೆ ಏನೂ ಗೊತ್ತಿರಲಿಲ್ಲ. ಪ್ರತಿ ಪುಸ್ತಕದಲ್ಲೂ ಮೊದಲು ತಪ್ಪು ಮನುಷ್ಯನನ್ನು ಹಿಡಿಯುತ್ತಿದ್ದ, ಆಮೇಲೆ ಅದೇ ಮನುಷ್ಯನ ಮನೆಗೆ ಹೋಗಿ ಕ್ಷಮೆ ಕೇಳಲು ಕೂರುತ್ತಿದ್ದ. ಆ ಕ್ಷಮೆ ಎಷ್ಟು ಉದ್ದ, ಎಷ್ಟು ಪ್ರಾಮಾಣಿಕ, ಎಷ್ಟು ತಲೆತಿನ್ನುವಂಥದು ಎಂದರೆ, ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ನಿಂತ ನಿಜವಾದ ಕಳ್ಳ ತಡೆದುಕೊಳ್ಳಲಾರದೆ ಹೊರಗೆ ಬಂದು, ‘ಸಾಕು ಸ್ವಾಮಿ, ನಾನೇ ಕದ್ದದ್ದು’ ಎಂದುಬಿಡುತ್ತಿದ್ದ.

ಮೀಸೆಯ ಅಗತ್ಯ ಬಿದ್ದದ್ದು ಬೆಳಿಗ್ಗೆ ಎಂಟಕ್ಕೆ ಬಂದ ಫೋನಿನಿಂದ. ಅಣ್ಣ ಮಾಡಿದ್ದ. ಅವನು ಕೆಲಸ ಮಾಡುವ ಡೆಂಟಲ್ ಲ್ಯಾಬಿನಲ್ಲಿ ಕಟ್ಟುಹಲ್ಲು ಸುಡುವ ಕುಲುಮೆ ಕೆಟ್ಟಿದೆಯಂತೆ, ಮಧ್ಯಾಹ್ನದ ಮೇಲೆ ರಜೆಯಂತೆ. “ಮೂರು ಗಂಟೆಗೆ ಬರ್ತೀನಿ. ಇವತ್ತಾದ್ರೂ ತೋರಿಸ್ತೀಯಾ, ಇಲ್ವಾ?” ಎಂದ. ಇಲ್ಲ ಎನ್ನಲು ಅವಳ ಬಳಿ ಕಾರಣಗಳು ಉಳಿದಿರಲಿಲ್ಲ. ಪುಟ ಒಣಗಿಲ್ಲ, ಸಂಪಾದಕಿಯ ಹತ್ತಿರ ಇವೆ, ನನಗೇ ಮೆಚ್ಚಿಕೆಯಾಗಿಲ್ಲ: ಏಳು ವಾರಗಳಲ್ಲಿ ಎಲ್ಲವೂ ಖರ್ಚಾಗಿದ್ದವು. ಅವನೋ ಪ್ರತಿ ಭಾನುವಾರ ಕೇಳುತ್ತಿದ್ದ, ಬಸುರಿಯ ಮನೆಯವರು ಕೇಳುವ ಹಾಗೆ, ಎಲ್ಲಿಗೆ ಬಂತು ಎಂದು.

ಅವಳು ಚಿತ್ರಗಾರ್ತಿ. ಪಠ್ಯಪುಸ್ತಕಗಳಿಗೆ ಕಪ್ಪೆಯ ಜೀವನಚಕ್ರ, ಔಷಧಿ ಕಂಪನಿಗಳಿಗೆ ಮೊಣಕಾಲಿನ ಒಳಭಾಗ ಬರೆಯುತ್ತ ಇಪ್ಪತ್ತು ವರ್ಷ ಕಳೆದಿದ್ದಳು. ಗೊಂದಲರಾಯನ ಮೂರನೇ ಕಾದಂಬರಿಯನ್ನು ಚಿತ್ರಕಾದಂಬರಿ ಮಾಡಬೇಕೆಂದು ಪ್ರಕಾಶನದವರು ಕರೆದಾಗ ಅವಳು ಮೊದಲು ಫೋನ್ ಮಾಡಿದ್ದು ಅಣ್ಣನಿಗೆ. ಮರುದಿನ ಹನ್ನೊಂದು ಪುಸ್ತಕಗಳನ್ನೂ ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಬಂದು, “ಪುಟ ಮಡಚಬೇಡ, ಮೇಲೆ ಲೋಟ ಇಡಬೇಡ” ಎಂದು ಮೇಜಿನ ಮೇಲಿಟ್ಟು ಹೋಗಿದ್ದ. ಆ ಹನ್ನೊಂದು ಪುಸ್ತಕಗಳಲ್ಲೂ ಲೇಖಕರು ಪತ್ತೇದಾರನ ಮುಖ ವರ್ಣಿಸಿರಲಿಲ್ಲ. ‘ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸುವ ಮುಖ’ ಎಂದು ಒಂದೇ ಒಂದು ಕಡೆ ಬರೆದು ಕೈತೊಳೆದುಕೊಂಡಿದ್ದರು. ಓದಿದ ಪ್ರತಿಯೊಬ್ಬರ ತಲೆಯಲ್ಲೂ ಒಬ್ಬೊಬ್ಬ ಗೊಂದಲರಾಯನಿದ್ದ, ಯಾರೂ ಅವನನ್ನು ಬಿಟ್ಟುಕೊಡುವವರಲ್ಲ. ಆ ಹೆದರಿಕೆಗೆ ಅವಳು ಮೂವತ್ತೆಂಟು ಪುಟಗಳವರೆಗೆ ಆತನನ್ನು ಕೊಡೆಯ ಕೆಳಗೆ, ದಿನಪತ್ರಿಕೆಯ ಹಿಂದೆ, ಬಾಗಿಲ ಸಂದಿಯಲ್ಲಿ ಬರೆದಳು. ಸಂಪಾದಕಿ ನಕ್ಕು, “ಮೇಡಂ, ಪತ್ತೇದಾರನೇ ತಲೆಮರೆಸಿಕೊಂಡಿದ್ದಾನಲ್ಲ” ಎಂದರು. ಮೂವತ್ತೊಂಬತ್ತನೇ ಪುಟದಲ್ಲಿ ಆತ ತಿರುಗಿ ನಗಲೇಬೇಕಿತ್ತು. ಒಂದು ಮಧ್ಯಾಹ್ನ, ಪೆನ್ಸಿಲ್ ಕೂಡ ಮುಟ್ಟದೆ, ಒಂದೇ ಉಸಿರಿಗೆ ನೇರ ಕುಂಚದಲ್ಲಿ ಬರೆದಳು. ಕೈ ಎಲ್ಲೂ ತಡೆಯಲಿಲ್ಲ. ಫೋಟೊ ತೆಗೆದು ಕಳಿಸಿದಳು. ಐದು ನಿಮಿಷದಲ್ಲಿ ಸಂಪಾದಕಿಯ ಉತ್ತರ ಬಂತು: ಇವನೇ, ಇವನೇ ಮುಖಪುಟ. ಸಂತೋಷದಿಂದ ಎದ್ದು ನಲ್ಲಿಯ ಕೆಳಗೆ ಕುಂಚ ತೊಳೆಯುತ್ತ, ಕಪ್ಪು ನೀರು ಸಿಂಕಿನಲ್ಲಿ ಸುತ್ತಿ ಇಳಿಯುವುದನ್ನು ನೋಡುತ್ತಿದ್ದಾಗ ಹೊಳೆಯಿತು, ಅದು ಅಣ್ಣನ ಮುಖ. ಈಗಿನದಲ್ಲ, ಹದಿಮೂರು ವರ್ಷದ ಅಣ್ಣನ ಮುಖ, ಆ ಹಲ್ಲುಗಳ ಸಮೇತ.

ಚಿಕ್ಕಂದಿನ ಮನೆಯಲ್ಲಿ ಮೆಟ್ಟಿಲ ಕೆಳಗೆ ಹಳೆಯ ಪೆಟ್ಟಿಗೆಗಳ ನಡುವೆ ಇಬ್ಬರು ಕೂರುವಷ್ಟು ಜಾಗವಿತ್ತು. ಅವನು ಓದುತ್ತಿದ್ದ, ಇವಳು ಅವನ ಮೊಣಕೈಗೆ ಒರಗಿ ಅವನ ಬಾಯಿಯನ್ನೇ ನೋಡುತ್ತಿದ್ದಳು. ಕಳ್ಳನಿಗೊಂದು ದನಿ, ಪೊಲೀಸಿಗೊಂದು ದನಿ, ಕ್ಷಮೆ ಕೇಳುವ ಗೊಂದಲರಾಯನಿಗೆ ಮಾತ್ರ ತನ್ನದೇ ದನಿ. ನಗು ಬರುವ ಮೊದಲು ಅವನ ಹಲ್ಲು ಬರುತ್ತಿತ್ತು. ಮೇಲಿನ ಎರಡು ಉಬ್ಬುಹಲ್ಲುಗಳು ತುಟಿ ದಾಟಿ ಹೊರಗೆ ಕಂಡವೆಂದರೆ ಮುಂದಿನ ಸಾಲಿನಲ್ಲಿ ತಮಾಷೆ ಕಾದಿದೆ ಎಂದು ಅವಳಿಗೆ ತಿಳಿಯುತ್ತಿತ್ತು, ಹೊಟ್ಟೆ ಹಿಡಿದುಕೊಂಡು ತಯಾರಾಗುತ್ತಿದ್ದಳು. ಆಗ ಅವಳಿಗೆ ಒಂಬತ್ತು. ಶಾಲೆಯ ಗೋಡೆಪತ್ರಿಕೆಗೆ ಚಿತ್ರ ಬೇಕಿತ್ತು, ನಿಮಗೆ ಚೆನ್ನಾಗಿ ಗೊತ್ತಿರುವ ಯಾರನ್ನಾದರೂ ಬರೆಯಿರಿ ಎಂದು ಮೇಷ್ಟ್ರು ಹೇಳಿದ್ದರು. ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು ಒಂದೇ ಮುಖ. ಹಲ್ಲಿನ ಜಾಗದಲ್ಲಿ ತುರಿಮಣೆ ಬರೆದಳು, ಕೆಳಗೆ ತುರಿದ ಕಾಯಿಯ ರಾಶಿ. ಗೋಡೆಯ ಮುಂದೆ ನಲವತ್ತು ಜನ ನಕ್ಕರು. ತನ್ನ ಕೈಯ ಗೆರೆಯೊಂದು ಅಷ್ಟು ಜನರನ್ನು ಒಟ್ಟಿಗೆ ನಗಿಸಿದ್ದು ಅದೇ ಮೊದಲು. ಆ ಸುಖ ಬೆನ್ನಿನಲ್ಲಿ ಬಿಸಿನೀರು ಹೊಯ್ದಂತೆ ಇಳಿದದ್ದು ಅವಳಿಗೆ ಈಗಲೂ ನೆನಪಿದೆ, ನೆನಪಾದಾಗಲೆಲ್ಲ ಮುಖ ಕೆಂಪಾಗುತ್ತದೆ. ಗುಂಪಿನ ಹಿಂದೆ ಅಣ್ಣನೂ ನಿಂತಿದ್ದ. ಅವನೂ ನಕ್ಕ, ಬಾಯಿಗೆ ಕೈ ಅಡ್ಡ ಹಿಡಿದು. ಅವತ್ತಿನಿಂದ ಶಾಲೆ ಬಿಡುವವರೆಗೆ ಅವನು ತುರಿಮಣೆ. ಇಪ್ಪತ್ತೆರಡಕ್ಕೆ ಲ್ಯಾಬಿಗೆ ಸೇರಿದ್ದೇ ತನ್ನ ಹಲ್ಲಿಗೆ ತಾನೇ ತಂತಿ ಹಾಕಿಸಿಕೊಂಡ. ಎರಡು ವರ್ಷದಲ್ಲಿ ಹಲ್ಲು ಒಳಗೆ ಹೋಯಿತು, ಕೈ ಮಾತ್ರ ಇಳಿಯಲಿಲ್ಲ. ಮದುವೆಯ ಫೋಟೊಗಳಲ್ಲೂ ತುಟಿ ಬಿಗಿಹಿಡಿದು, ಅಂಚೆಯಲ್ಲಿ ಬಂದವನಂತೆ ನಿಂತಿದ್ದಾನೆ. ಗೋಡೆಪತ್ರಿಕೆಯ ಮಾತನ್ನು ಅವನು ಎತ್ತಲಿಲ್ಲ, ಇವಳು ಎತ್ತಲಿಲ್ಲ. ಮೂವತ್ತೆರಡು ವರ್ಷವಾಯಿತು. ಆಗ ನಲವತ್ತು ಜನ. ಈಗ ಐದು ಸಾವಿರ ಪ್ರತಿ.

ಮೀಸೆಯನ್ನು ಅಂಟಿಸಿದಳು. ನಲವತ್ತೊಂದು, ನಲವತ್ತೆರಡು, ನಲವತ್ತಾರಕ್ಕೂ ಒಂದೊಂದು ಕತ್ತರಿಸಿದಳು. ಉಳಿದ ಹದಿನಾಲ್ಕು ಪುಟಗಳಲ್ಲಿ ಆ ನಗು ಎಷ್ಟು ಅಗಲವಾಗಿತ್ತೆಂದರೆ ಯಾವ ಮೀಸೆಗೂ ಜಗ್ಗುವಂತಿರಲಿಲ್ಲ. ಅವನ್ನು ಒಟ್ಟು ಮಾಡಿ ಮೇಜಿನ ಕೆಳಗಿನ ಡ್ರಾಯರಿಗೆ ತುರುಕಿದಳು. ಹನ್ನೊಂದು ಗಂಟೆಗೆ ಸಂಪಾದಕಿಗೆ ಒಂದು ಸಂದೇಶವನ್ನೂ ಕಳಿಸಿದ್ದಳು: ಹಲ್ಲು ಬದಲಾಯಿಸಲು ಸಮಯವಿದೆಯೇ? ಉತ್ತರ ಬಂದಿರಲಿಲ್ಲ.

ಅಣ್ಣ ಮೂರಕ್ಕೆ ಐದು ನಿಮಿಷ ಇರುವಾಗಲೇ ಬಂದ. ಚಪ್ಪಲಿ ಬಿಟ್ಟು, ನಲ್ಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು, ಬೆರಳ ಸಂದಿಗಳನ್ನೆಲ್ಲ ಒರೆಸಿಕೊಂಡ. ದಿನವಿಡೀ ಪ್ಲಾಸ್ಟರಿನ ದವಡೆಗಳ ಜೊತೆ ಇರುವವನಿಗೆ ಉಗುರಿನ ಬುಡದಲ್ಲಿ ಬಿಳಿ ಪುಡಿ ಉಳಿದೇ ಇರುತ್ತದೆ. ಕನ್ನಡಕ ಒರೆಸಿ ಹಾಕಿಕೊಂಡು ಮೊದಲ ಪುಟ ಎತ್ತಿದ. ಅವಳು ಎದುರಿಗೆ ಕೂತು ಯಾವುದೋ ಖಾಲಿ ಚೌಕಕ್ಕೆ ಕಪ್ಪು ತುಂಬುವ ನಾಟಕ ಮಾಡತೊಡಗಿದಳು. ಅವನು ಓದುವುದು ನಿಧಾನ. ಒಂದು ಪುಟ ಮುಗಿಸಿ, ಇನ್ನೊಂದು ಸಲ ಮೇಲಿನಿಂದ ನೋಡಿ, ಅಂಚು ಸರಿಹೊಂದಿಸಿ ಪಕ್ಕಕ್ಕಿಡುತ್ತಿದ್ದ.

“ಆ ವಾಕ್ಯ ಎಲ್ಲಿ? ‘ಆತನ ಕೊಡೆಗೆ ಆತನಿಗಿಂತ ಹೆಚ್ಚು ಅನುಭವವಿತ್ತು.’”

“ಅದು ವಾಕ್ಯದಲ್ಲಿ ನಗು ತರೋದು ಅಣ್ಣ, ಚಿತ್ರದಲ್ಲಿ ಬರಲ್ಲ. ಅದಕ್ಕೇ ಕೊಡೆ ಮೇಲೆ ನಾಲ್ಕು ತೇಪೆ ಹಾಕಿದ್ದೀನಿ.”

ಅವನು ಪುಟವನ್ನು ಕಣ್ಣಿನ ಹತ್ತಿರ ತಂದು ತೇಪೆ ಎಣಿಸಿದ. “ಹೂಂ” ಎಂದ. ಮೂವತ್ತೊಂದನೇ ಪುಟದಲ್ಲಿ, ದೋಣಿ ಮುಳುಗಿದ ಮರುಚೌಕದಲ್ಲೇ ಗೊಂದಲರಾಯ ನೀರು ಸುರಿಸುತ್ತ ಬ್ಯಾಂಕ್ ಮ್ಯಾನೇಜರರ ಮನೆಯ ಸೋಫಾದ ಮೇಲೆ ಕೂತು, ಪತ್ರಿಕೆಯಲ್ಲಿ ಮುಖ ಹುದುಗಿಸಿ ಕ್ಷಮೆ ಕೇಳುವ ಕಡೆ ಅಣ್ಣನಿಗೆ ತಡೆಯಲಾಗದೆ ನಗು ಬಂತು. ಕೈ ಬಾಯಿಗೆ ಹೋಯಿತು. ಅವಳ ಕುಂಚ ಗೆರೆ ದಾಟಿತು. ಆಮೇಲೆ ಮೂವತ್ತೊಂಬತ್ತನೇ ಪುಟ.

“ಚೆನ್ನಾಗಿದೆ” ಎಂದ. ನೆಂಟರ ಮನೆಯಲ್ಲಿ ಉಪ್ಪಿಲ್ಲದ ಊಟಕ್ಕೆ ಹೇಳುವ ಚೆನ್ನಾಗಿದೆ ಅದು. ಪುಟವನ್ನು ಕೆಳಗಿಡದೆ, “ಮೀಸೆ?” ಎಂದ.

“ಯಾಕೆ, ಇರಬಾರದಾ?”

“ಐದನೇ ಪುಸ್ತಕದಲ್ಲಿ ಕ್ಷೌರದವನು ಕೇಳ್ತಾನೆ, ಸಾರ್, ಮೀಸೆ ಯಾಕೆ ಇಟ್ಟಿಲ್ಲ ಅಂತ. ಇಟ್ರೆ ಎಲ್ಲಿಟ್ಟೆ ಅಂತ ಮರೆತುಹೋಗುತ್ತೆ ಅಂತಾನೆ ಇವನು.” ಅವನ ದನಿಯಲ್ಲಿ ಆರೋಪವಿರಲಿಲ್ಲ, ಇವಳಂಥವಳು ಅದನ್ನು ಮರೆತಳಲ್ಲ ಎಂಬ ವ್ಯಥೆ ಇತ್ತು. “ಮತ್ತೆ ನಲವತ್ತು ಎಲ್ಲಿ? ನಲವತ್ತಮೂರು, ನಲವತ್ತನಾಲ್ಕು?”

ಆಗಲೇ ಫೋನು ಬಂತು. ಅವಳ ಎರಡೂ ಕೈಗೆ ಇಂಕು ಮೆತ್ತಿತ್ತು. ಬೇಡ ಎನ್ನುವಷ್ಟರಲ್ಲಿ ಅಣ್ಣ ಅದನ್ನು ಎತ್ತಿ, ಅವಳಿಗೆ ಅನುಕೂಲವಾಗಲೆಂದು ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟ. ಸಂಪಾದಕಿಯ ದನಿ ಕೋಣೆ ತುಂಬಿತು. “ನಿಮ್ಮ ಮೆಸೇಜ್ ಈಗ ನೋಡ್ದೆ. ದಯವಿಟ್ಟು ಆ ಹಲ್ಲಿಗೆ ಮಾತ್ರ ಕೈ ಹಾಕಬೇಡಿ.”

ಹಲ್ಲು ಎಂದರೆ ಅದು ತನಗೇ ಬಂದ ಫೋನು ಎನ್ನುವುದರಲ್ಲಿ ಅಣ್ಣನಿಗೆ ಅನುಮಾನವೇ ಬರಲಿಲ್ಲ. “ಮೇಲಿನದೋ ಕೆಳಗಿನದೋ?” ಎಂದು ಕೇಳಿದ.

“ಮೇಲಿನದು, ಮುಂದಿನ ಎರಡು. ಇಲ್ಲಿ ಆಫೀಸಲ್ಲಿ ಎಲ್ರೂ ಅದಕ್ಕೇ ಮರುಳಾಗಿದ್ದಾರೆ. ನಾಳೆ ಬೆಳಿಗ್ಗೆ ಮುಖಪುಟ ಪ್ರೆಸ್ಸಿಗೆ ಹೋಗುತ್ತೆ, ಈಗ ತೆಗೆಯೋದು ಅಂದ್ರೆ ಹೇಗೆ?”

“ತೆಗೆಯೋದು ಆಮೇಲಿನ ಮಾತು. ನೋವಿದೆಯಾ?”

“ಯಾರಿಗೆ?” ಎಂದರು ಸಂಪಾದಕಿ.

ಅವಳು ಕಪ್ಪು ಬೆರಳುಗಳಿಂದಲೇ ಫೋನು ಕಸಿದುಕೊಂಡು, ಆಮೇಲೆ ಮಾಡ್ತೀನಿ ಎಂದು ಇಟ್ಟಳು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಅಣ್ಣ ಫೋನಿನ ಮೇಲಿನ ಬೆರಳ ಗುರುತುಗಳನ್ನು ನೋಡಿದ, ಮೀಸೆಯನ್ನು ನೋಡಿದ. ಅದರ ಒಂದು ತುದಿ ಅಂಟು ಬಿಟ್ಟು ಮೇಲೆದ್ದಿತ್ತು.

“ಅಣ್ಣ, ಇದು ಹೇಗಾಯ್ತು ಅಂದ್ರೆ,” ಎಂದು ಅವಳು ಶುರುಮಾಡಿದಳು. ಕಾಗದದ ಅಳತೆಯಿಂದ ಶುರುವಾದದ್ದು ಪ್ರಕಾಶನದವರ ಅವಸರಕ್ಕೆ ಹೋಯಿತು, ಅಲ್ಲಿಂದ ಪೆನ್ಸಿಲ್ ಮುಟ್ಟದೆ ಬರೆಯುವುದರ ಅಪಾಯಕ್ಕೆ, ಕೈಗೆ ತಲೆಯ ಮಾತು ಕೇಳದ ಒಂದು ಬುದ್ಧಿ ಇರುತ್ತದೆ ಎಂಬುದಕ್ಕೆ, ಆ ಮೇಷ್ಟ್ರು ಹಾಗೆ ಹೇಳಬಾರದಿತ್ತು ಎಂಬುದಕ್ಕೆ, ಆದರೆ ತಪ್ಪು ಮೇಷ್ಟ್ರದ್ದಲ್ಲ ಎಂಬುದಕ್ಕೆ. ತಾನು ಯಾರ ಹಾಗೆ ಮಾತಾಡುತ್ತಿದ್ದೇನೆ ಎನ್ನುವುದು ಅವಳಿಗೇ ಕೇಳಿಸುತ್ತಿತ್ತು, ನಿಲ್ಲಿಸಲು ಮಾತ್ರ ಆಗುತ್ತಿರಲಿಲ್ಲ.

“ಸಾಕು,” ಎಂದ ಅಣ್ಣ. “ಉಳಿದ ಪುಟ ತೆಗಿ.”

ಡ್ರಾಯರ್ ಎಳೆದಳು. ಹದಿನಾಲ್ಕು ಪುಟಗಳನ್ನು ಅವನು ಒಂದೊಂದಾಗಿ ಮೇಜಿನ ಮೇಲೆ ಹರಡಿದ. ಮೂವತ್ತೊಂಬತ್ತರ ಮೀಸೆಯನ್ನು ಉಗುರಿನಿಂದ ಮೆಲ್ಲಗೆ, ಕಾಗದಕ್ಕೆ ಪೆಟ್ಟಾಗದ ಹಾಗೆ ಬಿಡಿಸಿ ತೆಗೆದ. ಆಮೇಲೆ ನೋಡುತ್ತ ನಿಂತ. ಅವಳಿಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ, ಕೈಯನ್ನು ನೋಡುತ್ತಿದ್ದಳು. ಕೈ ಮೇಜಿನ ಅಂಚು ಹಿಡಿದಿತ್ತು. ಯಾರದೋ ದವಡೆಯ ಅಚ್ಚನ್ನು ಬೆಳಕಿಗೆ ಹಿಡಿದು ನೋಡುವಾಗಲೂ ಅವನು ಹೀಗೇ ನಿಲ್ಲುತ್ತಾನೆ. ಒಮ್ಮೆ ಲ್ಯಾಬಿಗೆ ಹೋಗಿದ್ದಾಗ ಕಂಡಿದ್ದಳು, ಗೂಡುಗಳ ತುಂಬ ಅಪರಿಚಿತರ ಬಾಯಿಗಳು, ನಡುವೆ ಇವನು, ಒಂದಕ್ಕೊಂದು ಹೊಂದಿಸಿ ಕಚ್ಚಿಸುತ್ತ.

“ತುರಿಮಣೆ,” ಎಂದ.

ಆ ಶಬ್ದವನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. “ಅವತ್ತು ನಿನಗೆ ಕೋಪ ಬಂದಿರಲಿಲ್ಲವಾ?” ಎಂದಳು, ಒಂಬತ್ತು ವರ್ಷದವಳ ಹಾಗೆ.

“ಬರದೇ ಇರುತ್ತಾ? ಎರಡು ವರ್ಷ ಇತ್ತು.” ಅವನು ಕುರ್ಚಿ ಎಳೆದು ಕೂತ. “ಆದ್ರೆ ಮನೆಗೆ ಬಂದ ತಕ್ಷಣ ನೀನು ಪುಸ್ತಕ ಹಿಡ್ಕೊಂಡು ಮೆಟ್ಟಿಲ ಕೆಳಗೆ ಕೂತಿರ್ತಿದ್ದೆ. ಓದಲ್ಲ ಅನ್ನೋಕೆ ನನಗೂ ಆಗ್ತಿರಲಿಲ್ಲ. ಮುಂದೆ ಏನಾಯ್ತು ಅಂತ ನನಗೂ ಬೇಕಲ್ಲ. ಅದಕ್ಕೆ ಒಂದು ಉಪಾಯ ಮಾಡ್ದೆ.”

“ಏನು?”

“ನಡುನಡುವೆ ಪುಟ ಹಾರಿಸಿ ಓದ್ತಿದ್ದೆ. ಎಲ್ಲಿ ಚೆನ್ನಾಗಿದೆಯೋ ಅಲ್ಲಿ. ಅದನ್ನ ನಾನೊಬ್ನೇ ಆಮೇಲೆ ಓದ್ಕೊಳ್ತಿದ್ದೆ.” ಅವನು ತಲೆ ತಗ್ಗಿಸಿದ. ಅವನಿಗೆ ನಿಜವಾಗಿ ನಾಚಿಕೆಯಾಗಿತ್ತು. “ನಿನಗೆ ಗೊತ್ತೇ ಆಗ್ಲಿಲ್ಲ. ನಾನು ಏನು ಓದಿದ್ರೂ ನೀನು ನಗ್ತಿದ್ದೆ. ಮೂರನೇ ಪುಸ್ತಕದಲ್ಲಂತೂ ದೋಣಿ ಮುಳುಗಿದ ಮೇಲೆ ಸೀದಾ ಬ್ಯಾಂಕ್ ಮ್ಯಾನೇಜರ್ ಮನೆ. ನಡುವೆ ಹದಿನೆಂಟು ಪುಟ ಇದೆ.”

ಅವಳು ಅವನನ್ನೇ ನೋಡಿದಳು. ಈ ಕೆಲಸಕ್ಕೆಂದು ಮತ್ತೆ ಓದಲು ಕೂತಾಗ ಆ ಹದಿನೆಂಟು ಪುಟ ಸಿಕ್ಕಿ ಅವಳಿಗೆ ಕಿರಿಕಿರಿಯಾಗಿತ್ತು. ಬೆಸ್ತರು ಗೊಂದಲರಾಯನನ್ನು ಎಳೆದು ದಡಕ್ಕೆ ಹಾಕುವುದು, ಅವನು ಅವರಲ್ಲೊಬ್ಬನನ್ನು ಬಂಧಿಸುವುದು, ಗಾಡಿ ಹುಡುಕುವುದು. ಇದೆಲ್ಲ ಮೊದಲಿಗೆ ಇರಲಿಲ್ಲ, ಆಮೇಲಿನ ಮುದ್ರಣದಲ್ಲಿ ಯಾರೋ ಸೇರಿಸಿ ಕೆಡಿಸಿದ್ದಾರೆ ಎಂದುಕೊಂಡು ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಿದ್ದಳು. ದೋಣಿ, ಸೋಫಾ. ನಡುವೆ ಒಂದು ಬಿಳಿ ಗೆರೆ ಮಾತ್ರ. ಆ ಜಿಗಿತ ಎಲ್ಲಿಂದ ಕಲಿತಿರಿ ಎಂದು ಸಂಪಾದಕಿ ಕೇಳಿದಾಗ, ಚಿಕ್ಕಂದಿನಿಂದ ನನ್ನ ತಲೆ ಹಾಗೇ ಓಡುತ್ತದೆ ಎಂದು ಜಂಬದಿಂದ ಹೇಳಿದ್ದಳು.

“ಅಣ್ಣ,” ಎಂದಳು, “ಈಗ ನೀನು ನಕ್ಕಿದ್ದು ಅಲ್ಲೇ.”

ಅವನು ಮೂವತ್ತೊಂದನೇ ಪುಟವನ್ನು ಮತ್ತೆ ಎತ್ತಿಕೊಂಡ. ದೋಣಿ ನೋಡಿದ, ಸೋಫಾ ನೋಡಿದ, ನಡುವಿನ ಬಿಳಿ ಗೆರೆಯ ಮೇಲೆ ಬೆರಳಿಟ್ಟ. “ಹದಿನೆಂಟೂ ಬಿಟ್ಟಿದ್ದೀಯಾ?” ಎಂದ. “ಹದಿನೆಂಟೂ” ಎಂದಳು. ಅವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಅವಳಿಗೂ ಶುರುವಾಯಿತು. ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡಿದರೆ ಮತ್ತೆ ಉಕ್ಕುವ, ಕಾರಣ ಮುಗಿದ ಮೇಲೂ ಮುಗಿಯದ ನಗು. ಕಣ್ಣೊರೆಸಿಕೊಂಡ ಬೆರಳಿನಿಂದ ಅವಳ ಕೆನ್ನೆಗೆಲ್ಲ ಇಂಕು ಹತ್ತಿತು.

ನಗು ಇಳಿದ ಮೇಲೆ ಅವನು ಮೂವತ್ತೊಂಬತ್ತನೇ ಪುಟವನ್ನು ತನ್ನ ಕಡೆ ಎಳೆದುಕೊಂಡ. “ಹಲ್ಲು ತಪ್ಪಾಗಿದೆ,” ಎಂದ. ಅವಳು ಬಗ್ಗಿ ನೋಡಿದಳು. “ಎರಡನ್ನೂ ಸಮ ಬರೆದಿದ್ದೀಯ. ಬೇಲಿ ಹಾಗೆ. ಎಡಗಡೆಯದು ಬಲಗಡೆಯದರ ಮೇಲೆ ಸ್ವಲ್ಪ ಹತ್ತಿತ್ತು.” ನೆನಪು ಮಾಡಿಕೊಳ್ಳಲು ಅವನು ಕಣ್ಣು ಮುಚ್ಚಿ ತುಟಿಯೊಳಗೆ ನಾಲಿಗೆ ಆಡಿಸಿದ. ಈಗಿನ ನೇರ ಹಲ್ಲುಗಳ ಮೇಲೆ ಹಳೆಯ ಹಲ್ಲುಗಳ ಜಾಗ ಹುಡುಕುತ್ತಿದ್ದ. “ನಾಲಿಗೆಗೆ ಗೊತ್ತು,” ಎಂದು ಟ್ರೇಸಿಂಗ್ ಕಾಗದ ಕೇಳಿ, ಅಳತೆ ನೋಡಿ ಪೆನ್ಸಿಲಿನಲ್ಲಿ ಎರಡು ಹಲ್ಲು ಬರೆದ. ಲ್ಯಾಬಿನಲ್ಲಿ ಬರೆಯುವ ಹಾಗೆ, ನೆರಳಿಲ್ಲದೆ, ಚೊಕ್ಕ. ಅವಳು ಅದನ್ನು ನೋಡಿ ಬಿಳಿ ಬಣ್ಣದಲ್ಲಿ ಹಳೆಯದನ್ನು ಮುಚ್ಚಿ, ಹೊಸ ಗೆರೆ ಎಳೆದಳು. ಅಷ್ಟೇ ವ್ಯತ್ಯಾಸ, ಕೂದಲೆಳೆಯಷ್ಟು. ಚೌಕದೊಳಗಿನ ಮನುಷ್ಯ ಇನ್ನಷ್ಟು ಪೆದ್ದನಾದ, ಇನ್ನಷ್ಟು ಒಳ್ಳೆಯವನಾದ.

“ಹಾಗಾದ್ರೆ ಇದನ್ನೇ ಹಾಕ್ಲಾ?” ಎಂದಳು. ದನಿ ಸಣ್ಣದಾಗಿತ್ತು. “ನೀನು ಬೇಡ ಅಂದ್ರೆ ಬೇಡ. ಈಗಲೇ ಫೋನ್ ಮಾಡಿ ನಿಲ್ಲಿಸ್ತೀನಿ. ನಿಜವಾಗ್ಲೂ.”

ಅವನು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡ. “ಗೊತ್ತಾಗ್ತಿಲ್ಲ,” ಎಂದ. “ನಿನ್ನ ಅತ್ತಿಗೆ ಈ ಮುಖ ನೋಡೇ ಇಲ್ಲ. ಹದಿನೆಂಟು ವರ್ಷ ಆಯ್ತು ಮದುವೆಯಾಗಿ. ಹಳೇ ಫೋಟೊ ಒಂದರಲ್ಲೂ ನಾನು ಬಾಯಿ ಬಿಟ್ಟಿಲ್ಲ. ಊರೆಲ್ಲ ನೋಡೋ ಮೊದಲು ಅವಳು ನೋಡ್ಲಿ. ಒಂದು ಜೆರಾಕ್ಸ್ ಮಾಡಿಸಿಕೊಡು, ತಗೊಂಡು ಹೋಗ್ತೀನಿ. ರಾತ್ರಿ ಹೇಳ್ತೀನಿ.”

ಜೆರಾಕ್ಸ್ ಅಂಗಡಿ ಬೀದಿಯ ತುದಿಯಲ್ಲಿತ್ತು. ಪುಟವನ್ನು ಎರಡು ರಟ್ಟುಗಳ ನಡುವೆ ಇಟ್ಟುಕೊಂಡು ಅಣ್ಣನೇ ಹಿಡಿದ, ಬೇರೆಯವರ ಕೈಗೆ ಕೊಡುವ ವಸ್ತುವಲ್ಲ ಎನ್ನುವ ಹಾಗೆ. ಅವಳು ಒಂದು ಹೆಜ್ಜೆ ಹಿಂದೆ ನಡೆದಳು. ರಾತ್ರಿ ಅವನು ಏನು ಹೇಳುತ್ತಾನೋ. ಬೇಡ ಎಂದರೆ ಬೇಡವೇ. ಆದರೆ ಆ ಮುಖವಿಲ್ಲದೆ ಗೊಂದಲರಾಯ ಇಲ್ಲ, ಅದು ಅವಳಿಗೆ ಗೊತ್ತು. ಮತ್ತೆ ಕೊಡೆ, ಮತ್ತೆ ದಿನಪತ್ರಿಕೆ. ಬೇಕರಿಯ ಗಾಜಿನಲ್ಲಿ ತನ್ನ ಕೆನ್ನೆಯ ಇಂಕು ಕಂಡು ಸೆರಗಿನಿಂದ ತಿಕ್ಕಿಕೊಂಡಳು, ಅದು ಇನ್ನಷ್ಟು ಹರಡಿತು.

ಅಂಗಡಿಯಲ್ಲಿ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಹೆಂಗಸೊಬ್ಬಳು ಯಾರದೋ ಅಂಕಪಟ್ಟಿಗಳನ್ನು ಜೋಡಿಸುತ್ತಿದ್ದಳು. ಅಣ್ಣ ರಟ್ಟು ಬಿಡಿಸಿ ಪುಟ ಕೊಟ್ಟ. ಅವಳು ಅದನ್ನು ಯಂತ್ರದ ಮೇಲೆ ಬೋರಲು ಹಾಕಲು ಹೋದವಳು ಹಾಕದೆ, ತಿರುಗಿಸಿ ನೋಡಿದಳು. ದಣಿದ ಮುಖ ಸಡಿಲವಾಯಿತು. ಕನ್ನಡಕ ಕೆಳಗಿಳಿಸಿ ಮತ್ತೆ ನೋಡಿದಳು.

“ಯಾರಿವರು? ನೋಡಿದ್ರೆ ಮನೆಗೆ ಕರೆದು ಕೂರಿಸಿಕೊಳ್ಳೋಣ ಅನ್ಸುತ್ತೆ.”

ಒಬ್ಬ ಪತ್ತೇದಾರ ಎಂದು ಹೇಳಲು ತಂಗಿ ಬಾಯಿ ತೆರೆದಳು.

“ನಾನು,” ಎಂದ ಅಣ್ಣ.

ಹೆಂಗಸು ಅವನನ್ನು ನೋಡಿದಳು, ಪುಟವನ್ನು ನೋಡಿದಳು, ಮತ್ತೆ ಅವನನ್ನು. ನಂಬಲೋ ಬೇಡವೋ ಎನ್ನುವಂತೆ, “ಹಲ್ಲು?” ಎಂದಳು.

“ಸರಿಮಾಡಿಸಿಕೊಂಡೆ.”

“ಅಯ್ಯೋ, ಯಾಕೆ ಸಾರ್?”

ಅವಳು ತಮಾಷೆ ಮಾಡುತ್ತಿರಲಿಲ್ಲ. ನೆರಳಿದ್ದ ಮರ ಕಡಿಸಿದರಂತೆ ಎಂದು ಕೇಳಿದಾಗ ಆಗುವಂಥ ಬೇಸರ ಅವಳ ದನಿಯಲ್ಲಿತ್ತು. ಆ ಪ್ರಶ್ನೆಯನ್ನು ಅವನಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಯಾವಾಗ ಸರಿಮಾಡಿಸಿಕೊಳ್ಳುತ್ತೀ ಎಂದೇ ಕೇಳಿದ್ದರು. ಉತ್ತರಕ್ಕಾಗಿ ಅವನು ಅಂಗಡಿಯ ಕಪಾಟುಗಳನ್ನು, ಕಾಗದದ ಕಟ್ಟುಗಳನ್ನು, ಕೊನೆಗೆ ಕೆನ್ನೆಯೆಲ್ಲ ಕಪ್ಪಾದ ತಂಗಿಯನ್ನು ನೋಡಿದ. ಅವಳೂ ನೆಲ ನೋಡದೆ ಅವನನ್ನೇ ನೋಡಿದಳು. ಹುಡುಕುವುದನ್ನು ಬಿಟ್ಟ ಎನ್ನುವುದು ಅವನ ಭುಜ ಇಳಿದ ರೀತಿಯಲ್ಲೇ ಅವಳಿಗೆ ತಿಳಿಯಿತು.

ಹೆಂಗಸು ಪುಟವನ್ನು ಗಾಜಿನ ಮೇಲಿಟ್ಟು ಮುಚ್ಚಳ ಮುಚ್ಚಿದಳು. “ಎಷ್ಟು ಕಾಪಿ ಸಾರ್?”

“ಒಂದೇ ಸಾಕು,” ಎಂದ ಅಣ್ಣ. “ಮಿಕ್ಕಿದ್ದನ್ನ ನಾಳೆ ಪ್ರೆಸ್ಸಿನವರು ಮಾಡ್ತಾರೆ.”